ಎರಡು ಲೀಗು ಒಂದಾದ ವರ್ಷದ ಉಪ್ಪಿಟ್ಟು

ಆ ಸಭೆ ನಡೆದಾಗ ನಾನು ಕೋಣೆಯ ಒಳಗಿದ್ದೆನೋ ಹೊರಗಿನ ವರಾಂಡದಲ್ಲಿದ್ದೆನೋ ಎಂಬುದು ಈಗ ನನಗೆ ಖಾತ್ರಿಯಿಲ್ಲ. ಇಷ್ಟು ವರ್ಷ ಒಳಗಿದ್ದೆ ಅಂತಲೇ ಹೇಳಿಕೊಂಡು ಬಂದಿದ್ದೇನೆ. ಯಾರು ಯಾವ ಕುರ್ಚಿಯಲ್ಲಿ ಕೂತಿದ್ದರು, ಯಾರ ಲೋಟದ ಕಾಫಿ ಮುಟ್ಟದೆ ಕೆನೆಗಟ್ಟಿತ್ತು, ಎಲ್ಲವನ್ನೂ ಹೇಳಬಲ್ಲೆ. ಅನುಮಾನ ಹುಟ್ಟುವುದು ಅಲ್ಲೇ. ನನ್ನ ಸ್ವಂತ ಮದುವೆಯಲ್ಲಿ ಯಾರು ಎಲ್ಲಿ ಕೂತಿದ್ದರೆಂದು ನೆನಪಿಲ್ಲದವನಿಗೆ ಕಾಲೇಜುಗಳ ಕ್ರೀಡಾ ಸಮಿತಿಯ ಸಭೆ ಇಷ್ಟು ಸ್ಪಷ್ಟವಾಗಿ ಹೇಗೆ ನೆನಪಿರುತ್ತದೆ? ನಮ್ಮ ಪಿ.ಟಿ. ಮೇಷ್ಟ್ರು ಆ ಸಭೆಯ ಕತೆಯನ್ನು ಎಷ್ಟೋ ಸಲ, ಎಲ್ಲರ ದನಿಯನ್ನೂ ಅನುಕರಿಸಿ ಹೇಳಿದ್ದರು. ನಾನು ಕಂಡದ್ದು ಆ ಕೋಣೆಯನ್ನೋ ಅವರ ಅಭಿನಯವನ್ನೋ, ಬೇರ್ಪಡಿಸಲು ಆಗುತ್ತಿಲ್ಲ.

ಎಪ್ಪತ್ತರ ದಶಕದ ಮಧ್ಯದ ಮಾತು. ನಮ್ಮ ಕಾಲೇಜು ರಾಜಾಜಿನಗರ ಮುಗಿದು ಬಯಲು ಶುರುವಾಗುವ ಕಡೆ, ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗಿತ್ತು. ಮಠವೊಂದರ ಟ್ರಸ್ಟ್ ನಡೆಸುತ್ತಿದ್ದ ಕಾಲೇಜು. ಹಿಂದುಗಡೆ ಈಗಿನ ಬಸವೇಶ್ವರನಗರದ ಭಾಗವಾಗಿರುವ ಜಾಗದಲ್ಲಿ ಆಗ ಸೈಟು ಗುರುತಿಸಿದ ಕಲ್ಲುಗಳು ಮಾತ್ರ ಇದ್ದವು. ಕಟ್ಟಡ ಚಿಕ್ಕದು, ಬಯಲು ದೊಡ್ಡದು. ಆ ಬಯಲಲ್ಲಿ ನಾವು ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆವು.

ಈಗಿನವರಿಗೆ ಈ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಗರಿಯ ಕಾಕ್ ಅಲ್ಲ, ಹಳದಿ ಉಣ್ಣೆಯ ಚೆಂಡು. ಒಂದೊಂದು ಕಡೆ ಐದು ಜನ. ಮಣ್ಣಿನ ಅಂಗಳದಲ್ಲಿ, ಬಯಲಿನಲ್ಲೇ ಆಡುವುದು. ಇಬ್ಬನಿ ಬಿದ್ದರೆ ಚೆಂಡು ಭಾರವಾಗುತ್ತದೆ, ಗಾಳಿ ಬಂದರೆ ಹೊಡೆದ ಕಡೆ ಹೋಗುವುದಿಲ್ಲ. ಹಾಗಾಗಿ ಇಬ್ಬನಿ ಆರಿ, ಗಾಳಿ ಏಳುವ ಮುಂಚಿನ ಸಣ್ಣ ಅವಧಿಯಲ್ಲಿ ಆಡಿ ಮುಗಿಸಬೇಕು. ದುಡ್ಡು ಹೆಚ್ಚು ಬೇಡದ ಆಟವಾದ್ದರಿಂದ ನಮ್ಮಂಥ ಕಾಲೇಜುಗಳು ಅದನ್ನೇ ಹಿಡಿದಿದ್ದವು.

ವಿಜಯನಗರ, ರಾಜಾಜಿನಗರ, ಕೆಂಗೇರಿ ಈ ಕಡೆಯ ಆರು ಕಾಲೇಜುಗಳು ಸೇರಿ ಒಂದು ಲೀಗ್ ನಡೆಸುತ್ತಿದ್ದವು. ನಾವು ಅದನ್ನು ಮಾಗಡಿ ರೋಡ್ ಲೀಗ್ ಅನ್ನುತ್ತಿದ್ದೆವು, ಕೆಂಗೇರಿಯವರು ಒಪ್ಪುತ್ತಿರಲಿಲ್ಲ. ಪ್ರತಿ ತಂಡವೂ ಉಳಿದ ಎಲ್ಲ ತಂಡಗಳ ಜೊತೆ ಆಡಬೇಕು. ಯಾರ ಅಂಗಳದಲ್ಲಿ ಆಟವೋ ಅವರು ಬಂದವರಿಗೆ ತಿಂಡಿ ಕೊಡಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಬರೆದಿಡದೆ ಇದ್ದುದರಿಂದಲೇ ಯಾರೂ ಮುರಿಯುತ್ತಿರಲಿಲ್ಲ. ಉಪ್ಪಿಟ್ಟು, ಅದರ ಮೇಲೊಂದು ಮುದ್ದೆ ಕೇಸರಿಬಾತು, ಕಾಫಿ. ಸೋತು ಬಂದರೂ ಕೆಂಗೇರಿಯ ಉಪ್ಪಿಟ್ಟಿನ ಬಗ್ಗೆ ಬಸ್ಸಿನಲ್ಲಿ ಒಳ್ಳೆ ಮಾತಾಡುತ್ತಿದ್ದೆವು. ಗೆದ್ದು ಬಂದರೂ ವಿಜಯನಗರದ ಒಂದು ಕಾಲೇಜಿನ ಕಾಫಿಯನ್ನು ಬೈಯುತ್ತಿದ್ದೆವು.

ನಮ್ಮ ಕ್ಯಾಪ್ಟನ್ ಸುಂಕದಕಟ್ಟೆಯವನು. ತಂದೆ ಇರಲಿಲ್ಲ. ತಾಯಿ ರಸ್ತೆ ಬದಿಯ ತಗಡಿನ ಷೆಡ್ಡಿನಲ್ಲಿ ಬೆಳಿಗ್ಗೆ ಕಾರ್ಖಾನೆಗಳಿಗೆ ಹೋಗುವವರಿಗೆ ತಿಂಡಿ ಮಾಡಿ ಕೊಡುತ್ತಿದ್ದರು. ಅವನು ಷೆಡ್ಡಿನ ಕೆಲಸ ಮುಗಿಸಿ, ಸೈಕಲ್ಲಿನಲ್ಲಿ ಬಂದು ಆಡಿ, ಆಮೇಲೆ ಬಿ.ಕಾಂ. ತರಗತಿಯಲ್ಲಿ ಕೂತು ನಿದ್ದೆ ಮಾಡುತ್ತಿದ್ದ. ಓದಿನಲ್ಲಿ ಎರಡು ಕಡೆ ಎಡವಿ ಬಂದಿದ್ದರಿಂದ ನಮಗಿಂತ ದೊಡ್ಡವನು. ಆಟದಲ್ಲಿ ಸೆಂಟರ್. ಐವರ ನಡುವೆ ನಿಂತು ಯಾವ ಚೆಂಡು ಯಾರದೆಂದು ಕೂಗಿ ಹೇಳುವ ಜಾಗ ಅದು. ನಾನು ಹಿಂದಿನ ಎಡಗಡೆ. ನನ್ನ ಹೆಸರನ್ನು ಅವನು ಕೂಗುತ್ತಿದ್ದುದು ಬೇರೆ ಯಾರೂ ಮುಟ್ಟಲಾಗದ ಚೆಂಡಿಗೆ ಮಾತ್ರ.

ಆ ಕಾಲದಲ್ಲಿ ದೊಡ್ಡ ಕಾರ್ಖಾನೆಗಳು ತಮ್ಮ ತಂಡಗಳಿಗೆ ಆಟಗಾರರನ್ನು ಕಾಲೇಜುಗಳಿಂದ ಆರಿಸಿಕೊಳ್ಳುತ್ತಿದ್ದವು. ಆರಿಸಿದರೆ ಕೆಲಸ ಖಾಯಂ. ಊರಿನ ಇನ್ನೊಂದು ತುದಿಯ ಒಂದು ಕಾರ್ಖಾನೆಯ ಸ್ಪೋರ್ಟ್ಸ್ ಆಫೀಸರ್ ನಮ್ಮ ಲೀಗಿನ ಆಟ ನೋಡಲು ಸ್ಕೂಟರಿನಲ್ಲಿ ಬರುತ್ತಿದ್ದರು. ಬಿಳಿ ಕ್ಯಾನ್ವಾಸ್ ಶೂ, ತೋಳಿನ ಮೇಲೆ ಮಡಿಸಿದ ಸ್ವೆಟರ್. ಅವರದೊಂದು ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಒಬ್ಬ ಆಟಗಾರನನ್ನು ಅವರು ಮೂರು ಸಲ ನೋಡುತ್ತಾರೆ: ಗೆಲ್ಲುವಾಗ ಒಂದು ಸಲ, ಸೋಲುವಾಗ ಒಂದು ಸಲ, ಗಾಳಿಯಲ್ಲಿ ಒಂದು ಸಲ. ಹಿಂದಿನ ವರ್ಷದ ಕೊನೆಗೆ ನಮ್ಮ ಕ್ಯಾಪ್ಟನ್ನಿಗೆ ಅವರು, "ನಿನ್ನ ಗಾಳಿ ಆಟ ನೋಡಿದೀನಿ. ಉಳಿದದ್ದು ಮುಂದಿನ ವರ್ಷ ನೋಡೋಣ" ಅಂದಿದ್ದರು. ಅವನಿಗೆ ಮುಂದಿನ ವರ್ಷ ಅನ್ನುವುದು ಒಂದೇ ಉಳಿದಿತ್ತು. ಅದು ದಾಟಿದರೆ ಕಾರ್ಖಾನೆಯ ವಯಸ್ಸಿನ ಮಿತಿಯೂ ದಾಟುತ್ತಿತ್ತು. ಷೆಡ್ಡು ಇದ್ದ ಜಾಗ ರಸ್ತೆ ಅಗಲ ಮಾಡಲು ಹೋಗುತ್ತದೆಂಬ ಮಾತೂ ಹಬ್ಬಿತ್ತು. ಅವನು ಇದನ್ನೆಲ್ಲ ದೊಡ್ಡದು ಮಾಡಿ ಹೇಳುವವನಲ್ಲ. "ಈ ವರ್ಷ ಆಗ್ಬೇಕು ಕಣೋ" ಎಂದಷ್ಟೇ ಒಂದು ಸಲ ಹೇಳಿದ್ದ.

ಆ ವರ್ಷವೇ ಲೀಗುಗಳನ್ನು ಒಂದು ಮಾಡುವ ಯೋಚನೆ ಬಂತು. ಪೇಟೆಯ ಕಡೆಯ ದೊಡ್ಡ ಕಾಲೇಜುಗಳದು ಬೇರೆ ಲೀಗ್. ಅಲ್ಲಿ ವಿದ್ಯಾರ್ಥಿಗಳು ಹೆಚ್ಚು, ಅವರು ಕಟ್ಟುವ ಕ್ರೀಡಾ ಶುಲ್ಕ ಹೆಚ್ಚು, ಆದರೆ ಅಂಗಳಗಳು ಒಂದೊಂದಾಗಿ ಹೋಗುತ್ತಿದ್ದವು. ಒಂದು ಕಡೆ ಹೊಸ ಲ್ಯಾಬ್ ಎದ್ದಿತ್ತು, ಇನ್ನೊಂದು ಕಡೆ ಸ್ಕೂಟರ್ ನಿಲ್ಲಿಸುತ್ತಿದ್ದರು. ನಮ್ಮಲ್ಲಿ ಬಯಲು ಬೇಕಾದಷ್ಟು, ಶುಲ್ಕ ಕಡಿಮೆ. ಒಂದು ಬಲೆ ಹರಿದರೆ ಅದನ್ನೇ ಹೊಲಿದು ಮೂರು ವರ್ಷ ಕಟ್ಟುತ್ತಿದ್ದೆವು. ಅವರ ದುಡ್ಡು, ನಮ್ಮ ಜಾಗ. ಆಮೇಲೆ ಅರ್ಥಶಾಸ್ತ್ರ ಓದಿದ ಮೇಲೆ ನನಗೆ ಇಷ್ಟು ಚೊಕ್ಕವಾದ ವಿನಿಮಯ ಪಠ್ಯಪುಸ್ತಕದಲ್ಲೂ ಸಿಗಲಿಲ್ಲ.

ಸಭೆ ನಮ್ಮ ಕಾಲೇಜಿನಲ್ಲೇ, ಸ್ಟಾಫ್ ರೂಮಿನಲ್ಲಿ. ನಾನು ಕ್ರೀಡಾ ಕಾರ್ಯದರ್ಶಿಯಾಗಿದ್ದೆ, ಒಳಗೆ ಕೂರುವ ಹಕ್ಕಿತ್ತು. ಕೂತಿದ್ದೆನೇ ಎಂಬುದು ಬೇರೆ ಪ್ರಶ್ನೆ. ಅಧ್ಯಕ್ಷತೆ ಪೇಟೆಯ ಒಬ್ಬ ಪ್ರಿನ್ಸಿಪಾಲರದು. ಮೃದು ಮಾತು, ಚೂಪು ಲೆಕ್ಕ. ಅವರು ಮೊದಲ ವಿಷಯವಾಗಿ ಖರ್ಚು ಎತ್ತಿಕೊಂಡರು. ಅಂಪೈರ್, ಚೆಂಡು, ಬಲೆ ಎಲ್ಲ ಒಟ್ಟು ನಿಧಿಯಿಂದ. ತಿಂಡಿ ಮಾತ್ರ ಅವರವರದೇ. ಪ್ರತಿ ತಂಡವೂ ತನ್ನ ಡಬ್ಬಿ ತರಲಿ.

ನಮ್ಮ ಪಿ.ಟಿ. ಮೇಷ್ಟ್ರು ಎದ್ದು ನಿಂತರಂತೆ.

"ಡಬ್ಬಿ ಅಂದ್ರೆ ಹೇಗೆ ಸಾರ್? ನಮ್ಮ ಅಂಗಳಕ್ಕೆ ಬಂದ ಹುಡುಗ್ರು ಗೋಡೆ ಪಕ್ಕ ಕೂತು ಡಬ್ಬಿ ಬಿಚ್ಕೊಂಡು ತಿನ್ನೋದಾ?"

"ಖರ್ಚು ಉಳಿಯುತ್ತಲ್ಲ ಮೇಷ್ಟ್ರೇ."

"ಖರ್ಚು ಉಳಿಸಿ ಮರ್ಯಾದೆ ಕಳ್ಕೊಳೋ ಬುದ್ಧಿ ನಮಗಿಲ್ಲ ಸಾರ್. ಬಂದೋರಿಗೆ ತಿಂಡಿ ಕೊಡದೆ ಕಳಿಸಿದ್ರೆ ನಮ್ಮ ಸ್ವಾಮಿಗಳ ಮುಂದೆ ನಾನು ಹೆಂಗೆ ಮುಖ ತೋರಿಸ್ಲಿ?"

ಕೆಂಗೇರಿಯವರು, ಎಂದೂ ನಮ್ಮ ಪರ ಮಾತಾಡದವರು, ಮೇಜು ಗುದ್ದಿ ನಮ್ಮ ಪರ ನಿಂತರು. ವಿಜಯನಗರದವರಿಗೆ ತಮ್ಮ ಕಾಫಿಯ ಮೇಲೆ ಇದ್ದ ದೂರುಗಳೆಲ್ಲ ಆವತ್ತು ಅವಮಾನವಾಗಿ ಕಂಡವು. ಡಬ್ಬಿಯ ಮೇಲೆ ವಾದ ಬೆಳೆಯಿತು. ಕೇಸರಿಬಾತು ಇರಲೇಬೇಕೇ, ಅಂಪೈರಿಗೆ ಎರಡನೇ ಸಲ ಬಡಿಸಬಹುದೇ, ಒಬ್ಬ ಆಟಗಾರನ ಜೊತೆ ಬಂದ ಅಣ್ಣ ತಮ್ಮಂದಿರಿಗೂ ಎಲೆ ಹಾಕಬೇಕೇ, ಇದೆಲ್ಲ ಚರ್ಚೆಯಾಯಿತು. ಪ್ರಿನ್ಸಿಪಾಲರು ಕೊನೆಗೆ ಕೈಮುಗಿದು, "ಆಯ್ತಪ್ಪಾ, ಅಂಗಳದವರೇ ತಿಂಡಿ ಕೊಡ್ಲಿ, ನಿಮ್ಮಿಷ್ಟ" ಅಂದರು. ನಮ್ಮ ಕಡೆಯ ಆರು ಕಾಲೇಜುಗಳವರು ಒಬ್ಬರಿಗೊಬ್ಬರು ಕೈ ಕುಲುಕಿದರು.

ಆ ಕೈ ಕುಲುಕುವಿಕೆಯ ಮಧ್ಯೆ ಎರಡನೇ ವಿಷಯ ಬಂದು ಹೋಯಿತು. ತಂಡಗಳು ಹೆಚ್ಚಾದುದರಿಂದ ಎಲ್ಲರೂ ಎಲ್ಲರ ಜೊತೆ ಆಡುವುದು ಸಾಧ್ಯವಿಲ್ಲ. ತಂಡಗಳು ಎರಡು ಪಟ್ಟಾದರೆ ಪಂದ್ಯಗಳು ಸುಮಾರು ನಾಲ್ಕು ಪಟ್ಟಾಗುತ್ತವೆ, ಅಷ್ಟು ಭಾನುವಾರಗಳು ಎಲ್ಲಿಂದ ತರುವುದು? ಆದ್ದರಿಂದ ನಾಕ್‌ಔಟ್. ಸೋತವರು ಆಗಲೇ ಹೊರಗೆ. ಪೇಟೆಯ ಹಳೆ ವಿಜೇತರು ಮೊದಲ ಸುತ್ತಿನಲ್ಲಿ ಒಬ್ಬರಿಗೊಬ್ಬರು ಎದುರಾಗದಂತೆ ಪಟ್ಟಿ. ಯಾರಿಗಾದರೂ ಆಕ್ಷೇಪಣೆ ಇದೆಯೇ? ಇರಲಿಲ್ಲ. ಹೊಸ ಕಾಫಿ ಬಂದಿತ್ತು.

ನನ್ನ ಅನುಮಾನ ಇಲ್ಲಿ ಜಾಸ್ತಿಯಾಗುತ್ತದೆ. ಎರಡನೇ ವಿಷಯದ ಈ ವಿವರ ಪಿ.ಟಿ. ಮೇಷ್ಟ್ರ ಕತೆಯಲ್ಲಿ ಎಂದೂ ಇರಲಿಲ್ಲ. ಅವರ ಕತೆ ಡಬ್ಬಿಯ ಗೆಲುವಿನಲ್ಲೇ ಮುಗಿಯುತ್ತಿತ್ತು. ಹಾಗಾದರೆ ಇದು ನಾನೇ ಕೇಳಿದ್ದಿರಬೇಕು, ಅಂದರೆ ಒಳಗಿದ್ದಿರಬೇಕು. ಅಥವಾ ಆಮೇಲೆ ಆದದ್ದನ್ನು ನೋಡಿ ನಾನೇ ಕಟ್ಟಿಕೊಂಡದ್ದೂ ಇರಬಹುದು.

ಆವತ್ತು ಸಂಜೆ ಕ್ಯಾಪ್ಟನ್ ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾದಿದ್ದ. ಈ ಮಾತುಕತೆ ಮಾತ್ರ ನನ್ನದೇ, ಮೇಷ್ಟ್ರದಲ್ಲ.

"ಏನಾಯ್ತೋ?"

"ತಿಂಡಿ ಗೆದ್ವಿ ಗುರು."

"ತಿಂಡಿ ಬಿಡೋ. ಎಷ್ಟು ಮ್ಯಾಚು?"

"ನಾಕ್‌ಔಟಂತೆ."

ಅವನು ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಒಂದು ಸಲ ಒತ್ತಿದ.

"ಸೋತ್ರೆ?"

"ಸೋತ್ರೆ ಮನೆಗೆ."

"ಮನೆಗೆಲ್ಲಿ? ಅಂಗಳ ನಮ್ದಲ್ವಾ? ಸೋತ್ರೆ ಬಡಿಸೋಕೆ."

ಸಭೆಯಲ್ಲಿ ಯಾರಿಗೂ ಹೊಳೆಯದೆ ಇದ್ದದ್ದು ಅವನಿಗೆ ಒಂದು ಬೆಲ್ಲಿನ ಅವಧಿಯಲ್ಲಿ ಹೊಳೆದಿತ್ತು. ಪೇಟೆಯಲ್ಲಿ ಅಂಗಳಗಳಿಲ್ಲ. ಪಂದ್ಯಗಳೆಲ್ಲ ನಮ್ಮ ಕಡೆಯೇ ಆಗುತ್ತವೆ, ದೊಡ್ಡ ಬಯಲಿರುವ ನಮ್ಮ ಕಾಲೇಜಿನಲ್ಲೇ ಹೆಚ್ಚು. ಅಂಗಳದವರು ತಿಂಡಿ ಕೊಡಬೇಕು. ಅಂದರೆ ನಾವು ಆಡದ ಆಟಗಳಿಗೂ, ನಮ್ಮನ್ನು ಸೋಲಿಸಿದವರಿಗೂ, ಅವರು ಸೋಲಿಸಲಿರುವವರಿಗೂ ಫೈನಲ್ಸ್ ತನಕ ಉಪ್ಪಿಟ್ಟು ಮಾಡಬೇಕು.

ನಮ್ಮ ಮೊದಲ ಪಂದ್ಯ ಪೇಟೆಯ ಅತಿ ಬಲವಾದ ಕಾಲೇಜಿನ ಮೇಲೆ ಬಿತ್ತು. ಆಫೀಸರ್ ಬಂದಿದ್ದರು, ಅಂಗಳದ ಹಿಂದಿನ ಗಿಡ್ಡ ಗೋಡೆಯ ಮೇಲೆ ಕೂತಿದ್ದರು. ಬೆಳಗಿನ ಗಾಳಿ ಆವತ್ತು ಬೇಗ ಎದ್ದಿತು. ಮೊದಲ ಆಟ ಅವರು, ಎರಡನೆಯದು ನಾವು, ಮೂರನೆಯದು ಅವರು. ಕೊನೆಯ ಪಾಯಿಂಟಿನಲ್ಲಿ ಕ್ಯಾಪ್ಟನ್ ನನ್ನ ಹೆಸರು ಕೂಗಿದನೆಂದು ನನಗನ್ನಿಸುತ್ತದೆ. ನಾನು ಓಡಿದೆನೆಂದೂ ಅನ್ನಿಸುತ್ತದೆ. ಚೆಂಡು ಗೆರೆಯ ಹೊರಗೆ ಬೀಳುತ್ತದೆಂದು ಅವನು ಬಿಟ್ಟ, ಗಾಳಿ ಅದನ್ನು ಒಳಗೆ ತಂದು ಹಾಕಿತು ಎಂದು ನಮ್ಮ ತಂಡದ ಇನ್ನೊಬ್ಬ ಹೇಳುತ್ತಾನೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಸೋತದ್ದಂತೂ ಹೌದು. ಕ್ಯಾಪ್ಟನ್ ಗೋಡೆಯ ಕಡೆ ನೋಡಿದ. ಆಫೀಸರ್ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತಿದ್ದರು.

"ಗಾಳಿ ಆಯ್ತು, ಸೋಲು ಆಯ್ತು" ಅಂದ ಕ್ಯಾಪ್ಟನ್. "ಗೆಲ್ಲೋದು ಒಂದು ಬಾಕಿ. ಅದಕ್ಕೆ ಮ್ಯಾಚೇ ಇಲ್ಲ."

ಮುಂದಿನ ಭಾನುವಾರದಿಂದ ಪಿ.ಟಿ. ಮೇಷ್ಟ್ರು ತಿಂಡಿಯ ಜವಾಬ್ದಾರಿಯನ್ನು ಅವನಿಗೇ ಒಪ್ಪಿಸಿದರು. ಬೇರೆ ಯಾರಿಗೆ ಒಪ್ಪಿಸುವುದು? ಮನೆಯಲ್ಲೇ ಆ ಕೆಲಸ. ಸುಂಕದಕಟ್ಟೆಯಿಂದ ಕೈಗಾಡಿಯಲ್ಲಿ ದೊಡ್ಡ ಪಾತ್ರೆ ಬರುತ್ತಿತ್ತು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ. ಮುತ್ತುಗದ ಎಲೆಗಳ ಕಟ್ಟು ಒಂದು ಕಡೆ. ಅವನು ಬನಿಯನ್ನಿನ ಮೇಲೆ ಟವೆಲ್ ಹಾಕಿಕೊಂಡು ಬಡಿಸುತ್ತಿದ್ದ. ಎರಡು ತಂಡ, ಅಂಪೈರುಗಳು, ಮೇಷ್ಟ್ರುಗಳು, ಜೊತೆಗೆ ಬಂದವರು, ಎಲ್ಲರಿಗೂ ಸುಡುಸುಡು ಸಿಗುತ್ತಿತ್ತು. ಕೊನೆಯವನಿಗೂ ತಳ ಹಿಡಿದದ್ದು ಬೀಳುತ್ತಿರಲಿಲ್ಲ. ಅದು ಹೇಗೆ ಎಂದು ನಾನು ಆಗ ಯೋಚಿಸಲಿಲ್ಲ, ತಿನ್ನುತ್ತಿದ್ದೆ.

ಪೇಟೆಯ ಹುಡುಗರು ಸುಮ್ಮನಿರುವವರಲ್ಲ.

"ಏನ್ ಮಗಾ, ಕ್ಯಾಪ್ಟನ್ನೇ ಬಡಿಸ್ತಾ ಇದಾನೆ! ನಮ್ ಕಾಲೇಜಲ್ಲಿ ಇಂಥ ಸೌಲಭ್ಯ ಇಲ್ವಲ್ಲೋ."

"ನೋಡಿ ಕಲ್ತ್ಕೊ ಮಚ್ಚಾ" ಅನ್ನುತ್ತಿದ್ದ ಅವನು, ಸೌಟು ತಗ್ಗಿಸದೆ. "ಮುಂದಿನ ವಾರ ನೀನೂ ಸೋಲ್ತೀಯಲ್ಲ, ಕೆಲಸಕ್ಕೆ ಬರುತ್ತೆ."

"ಇನ್ನೊಂಚೂರು ಕೇಸರಿಬಾತ್ ಹಾಕಣ್ಣ."

"ಈಗ ಅಣ್ಣ ಆದ್ನಾ?"

ಪೇಟೆಯಿಂದ ಬರುವ ಬಸ್ಸುಗಳು ಭಾನುವಾರ ತಡ. ಒಂದು ತಂಡ ಬಂದು ಇನ್ನೊಂದು ಬಾರದೆ ಇರುವುದು ಮಾಮೂಲಿಯಾಯಿತು. ಬಂದವರು ಸುಮ್ಮನೆ ನಿಂತರೆ ಮೈ ತಣ್ಣಗಾಗುತ್ತದೆ. ಹಾಗಾಗಿ ನಾವು ಐವರು ಅವರ ಜೊತೆ ಒಂದು ಅಭ್ಯಾಸದ ಆಟ ಆಡುತ್ತಿದ್ದೆವು. ಅಂಪೈರ್ ಇಲ್ಲ, ಪಾಯಿಂಟನ್ನು ಬಾಯಲ್ಲೇ ಹೇಳಿಕೊಳ್ಳುವುದು. ಕ್ಯಾಪ್ಟನ್ ಟವೆಲ್ ತೆಗೆದಿಟ್ಟು ಸೆಂಟರಿಗೆ ನಿಲ್ಲುತ್ತಿದ್ದ. ಆಫೀಸರ್ ಅದೇ ಗೋಡೆಯ ಮೇಲೆ, ಕೈಯಲ್ಲಿ ಎಲೆ ಹಿಡಿದು.

"ನೋಡ್ತಾ ಇದಾರಾ?" ಅಂತ ಅವನು ನನ್ನ ಕಡೆ ತಿರುಗದೆ ಕೇಳುತ್ತಿದ್ದ. ಹಿಂದಿನ ಎಡಗಡೆಯಿಂದ ಗೋಡೆ ನನಗೆ ಕಾಣುತ್ತಿತ್ತು.

"ನೋಡ್ತಾ ಇದಾರೆ."

"ಎಲೆ ನೋಡ್ತಾ ಇದಾರಾ, ನನ್ನ ನೋಡ್ತಾ ಇದಾರಾ?"

"ಎರಡೂ."

"ಎರಡೂ ಅಂತ ಇಲ್ಲ, ಸರಿಯಾಗಿ ಹೇಳೋ."

ನನ್ನ ನೆನಪಿನ ಮುಖ್ಯ ಚಿತ್ರ ಈ ಆಟಗಳಲ್ಲೊಂದರದು. ಆ ವರ್ಷದ ವಿಜೇತರಾದ ತಂಡ, ಅಂದರೆ ನಮ್ಮನ್ನು ಮೊದಲ ಸುತ್ತಿನಲ್ಲಿ ಸೋಲಿಸಿದ್ದ ತಂಡವೇ, ಅವತ್ತು ಮೊದಲು ಬಂದಿತ್ತು. ಅಭ್ಯಾಸದ ಆಟದಲ್ಲಿ ನಾವು ಅವರನ್ನು ಸೋಲಿಸಿದೆವು. ಸೈಟಿನ ಕಲ್ಲುಗಳ ಹಿನ್ನೆಲೆಯಲ್ಲಿ ಹಳದಿ ಚೆಂಡು, ಅದರ ಕೆಳಗೆ ಓಡುತ್ತಿರುವ ಕ್ಯಾಪ್ಟನ್, ಗೋಡೆಯ ಮೇಲೆ ಎದ್ದು ನಿಂತ ಆಫೀಸರ್. ಅವರು ಎದ್ದು ನಿಂತದ್ದನ್ನು ನಾನು ಅವನಿಗೆ ಕೂಗಿ ಹೇಳಿದೆ. ನಮ್ಮ ತಂಡದ ಉಳಿದ ಮೂವರಲ್ಲಿ ಒಬ್ಬ ಇದನ್ನು ಒಪ್ಪುತ್ತಾನೆ. ಇನ್ನೊಬ್ಬನ ಪ್ರಕಾರ ಅದು ಹಿಂದಿನ ವರ್ಷ, ಬೇರೆ ಕಾಲೇಜಿನ ಮೇಲೆ. ಮೂರನೆಯವನಿಗೆ ಅಭ್ಯಾಸದ ಆಟಗಳೇ ನೆನಪಿಲ್ಲ, ಕಾಫಿಯ ಹಂಡೆ ಹೊತ್ತದ್ದು ನೆನಪಿದೆ.

ಫೈನಲ್ಸ್ ಮುಗಿದ ದಿನ ಆಫೀಸರ್ ಕೈ ತೊಳೆದುಕೊಂಡು ಪಾತ್ರೆಯ ಹತ್ತಿರ ಬಂದರು. ಕ್ಯಾಪ್ಟನ್ ಪಾತ್ರೆ ಉಜ್ಜುತ್ತಿದ್ದ. "ಇಷ್ಟು ಜನಕ್ಕೆ ಎಷ್ಟು ರವೆ ಹಾಕಿದ್ದೆ?" ಎಂದು ಕೇಳಿದರು, ಅವನು ಹೇಳಿದ. "ಸರ್ಟಿಫಿಕೇಟ್ ತಗೊಂಡು ಕಾರ್ಖಾನೆ ಗೇಟಿನ ಹತ್ರ ಬಂದು ನನ್ನ ನೋಡು" ಅಂದರು. ನಾವು ಅಲ್ಲೇ ಇದ್ದೆವು. ರವೆಯ ಪ್ರಶ್ನೆ ನಮಗೆ ಹೊರಡುವ ಮುಂಚಿನ ಲೋಕಾಭಿರಾಮವಾಗಿ ಕೇಳಿಸಿತು.

ಅವನಿಗೆ ಕೆಲಸವಾಯಿತು. ಕ್ಯಾಂಟೀನ್ ವಿಭಾಗದಲ್ಲಿ. ನಮಗೆ ಆಶ್ಚರ್ಯವಾಗಲಿಲ್ಲ. ಆಟದ ಮೇಲೆ ತೆಗೆದುಕೊಂಡವರನ್ನು ಕಾರ್ಖಾನೆಗಳು ಎಲ್ಲಿ ಜಾಗವಿದೆಯೋ ಅಲ್ಲಿ ಹಾಕುತ್ತಿದ್ದವು: ಸ್ಟೋರ್ಸ್, ಟೈಮ್ ಆಫೀಸ್, ಕ್ಯಾಂಟೀನ್. ಪಿ.ಟಿ. ಮೇಷ್ಟ್ರು ಹೊಸ ಹುಡುಗರಿಗೆ ವರ್ಷಗಟ್ಟಲೆ ಈ ಕತೆ ಹೇಳಿದರು. "ಸೋತ ಮೇಲೂ ಆಡ್ತಾ ಇದ್ದ ಕಣ್ರೋ, ಲೆಕ್ಕಕ್ಕಿಲ್ಲದ ಆಟ ಆಡಿ ಕೆಲಸ ತಗೊಂಡ." ನಾನೂ ಅದನ್ನೇ ನಂಬಿದೆ. ಜೊತೆಗೆ ನನ್ನದೊಂದು ಪಾಠವನ್ನೂ ಸೇರಿಸಿಕೊಂಡೆ: ಹಳೆಯ ಲೀಗ್ ಪದ್ಧತಿ ಉಳಿದಿದ್ದರೆ ಅವನು ಇಷ್ಟು ಕಷ್ಟಪಡದೆ, ಐದು ನಿಜವಾದ ಪಂದ್ಯಗಳನ್ನಾಡಿ, ಗೌರವವಾಗಿ ಆಯ್ಕೆಯಾಗುತ್ತಿದ್ದ ಎಂದು.

ಕೂಡಿದ ಲೀಗಿನ ಕತೆ ಬೇಗ ಮುಗಿಯಿತು. ನಮ್ಮ ಕಾಲೇಜುಗಳ ಕ್ರೀಡಾ ದುಡ್ಡಿನ ದೊಡ್ಡ ಪಾಲು ರವೆ, ಸಕ್ಕರೆ, ಕಾಫಿಪುಡಿಗೆ ಹೋಯಿತು. ಬಲೆಯನ್ನು ಮಾತ್ರ ಒಟ್ಟು ನಿಧಿ ಹೊಸದಾಗಿ ಕೊಟ್ಟಿತ್ತು. ವರ್ಷಕ್ಕೊಂದು ಪಂದ್ಯ ಆಡಿ ಉಳಿದ ಭಾನುವಾರ ಬಡಿಸುವ ತಂಡಕ್ಕೆ ಹುಡುಗರು ಸೇರುವುದೂ ಕಡಿಮೆಯಾಯಿತು. ಮರುವರ್ಷ ಕೆಂಗೇರಿಯವರು ಮೊದಲು ಬಿಟ್ಟರು, ಆಮೇಲೆ ವಿಜಯನಗರದವರು. ಯಾರೂ "ತಿಂಡಿ ಕೊಡಲಾಗದು" ಎಂದು ಹೇಳಿ ಬಿಡಲಿಲ್ಲ. ಅಂಗಳ ರಿಪೇರಿ ಅಂದರು, ಪರೀಕ್ಷೆ ಅಂದರು. ಆಮೇಲೆ ನಮ್ಮ ಬಯಲಿಗೂ ಸೈಟಿನ ಮಾಲೀಕರು ಬಂದರು.

ನಾನು ಎಂ.ಎ. ಮಾಡಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಎರಡು ಸಂಸ್ಥೆಗಳು ಕೂಡುವಾಗ ಚಿಕ್ಕ ಸಂಸ್ಥೆ ಹೇಗೆ ಕಣ್ಣಿಗೆ ಕಾಣುವ ಮರ್ಯಾದೆಯ ವಿಷಯವನ್ನು ಗೆದ್ದುಕೊಂಡು, ಆಟದ ನಿಯಮವನ್ನು ಬಿಟ್ಟುಕೊಡುತ್ತದೆ ಎಂದು ವಿವರಿಸಲು ಈ ಸಭೆಯನ್ನೇ ಉದಾಹರಣೆ ಕೊಡುತ್ತಿದ್ದೆ. ತರಗತಿ ನಗುತ್ತಿತ್ತು. ಪ್ರತಿ ವರ್ಷ ಹೇಳುತ್ತ ಹೇಳುತ್ತ ಉಪ್ಪಿಟ್ಟಿನ ಪಾತ್ರೆ ಸ್ವಲ್ಪ ಸ್ವಲ್ಪವೇ ದೊಡ್ಡದಾಯಿತು. ಆಗಲೇ ನನಗೆ ನನ್ನ ಮೇಲೆ ಮೊದಲ ಅನುಮಾನ ಬಂದದ್ದು.

ಕ್ಯಾಪ್ಟನ್ನನ್ನು ಮತ್ತೆ ನೆಮ್ಮದಿಯಾಗಿ ಕಂಡದ್ದು ಅವನು ನಿವೃತ್ತನಾದ ಮೇಲೆ, ವಿಜಯನಗರದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ನನ್ನ ಪಕ್ಕದಲ್ಲೇ ಕೂತಿದ್ದ. ಎಲೆಗೆ ಬೀಳುತ್ತಿದ್ದುದಕ್ಕಿಂತ ಬಡಿಸುವವರ ಸಾಲನ್ನು ಹೆಚ್ಚು ಗಮನಿಸುತ್ತಿದ್ದ. "ಅನ್ನದವನು ಮುಂದೆ ಹೋಗ್ಬಿಟ್ಟ, ಸಾರಿನವನು ಹಿಂದೆ ಉಳ್ದ. ಈಗ ನೋಡು, ಅನ್ನ ಆರುತ್ತೆ" ಅಂದ.

"ನಿನ್ನ ಅಲ್ಲಿ ಆಟ ನೋಡಿ ತಗೊಂಡ್ರಾ, ತಿಂಡಿ ನೋಡಿ ತಗೊಂಡ್ರಾ?" ಎಂದು ಕೇಳಿಯೇ ಬಿಟ್ಟೆ.

"ಅವ್ರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

"ಕಾರ್ಖಾನೆ ಟೀಮಲ್ಲಿ ಆಡಿದ್ಯಾ?"

"ಊಟದ ಹೊತ್ತಲ್ಲಿ ಪ್ರಾಕ್ಟೀಸ್ ಇಟ್ರೆ ನಾನೆಲ್ಲಿ ಆಡ್ಲಿ ಗುರು? ಅಷ್ಟು ಜನ ಹಸ್ಕೊಂಡ್ ನಿಂತಿರ್ತಿದ್ರು." ಆಮೇಲೆ ಹಪ್ಪಳ ಮುರಿಯುತ್ತ, "ಆ ಪೇಟೆ ಕಾಲೇಜನ್ನ ಮೊದಲ ರೌಂಡಲ್ಲಿ ಹೊಡೆದ್ವಲ್ಲ, ನೆನಪಿದ್ಯಾ? ಎಂಥ ಗಾಳಿ!" ಅಂದ.

ನಾವು ಸೋತಿದ್ದೆವು ಎಂದು ನಾನು ಹೇಳಲಿಲ್ಲ. ನನ್ನ ಬಳಿ ಇದ್ದುದೂ ನೆನಪೇ.

ಪ್ರಾಕ್ಟೀಸಿನ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಆಟಕ್ಕೆಂದೇ ತೆಗೆದುಕೊಂಡವನನ್ನು ಪ್ರಾಕ್ಟೀಸಿಗೆ ಬಿಡದೆ ಇರುತ್ತಾರೆಯೇ? ಇದೊಂದನ್ನಾದರೂ ನನ್ನ ತಲೆಯಿಂದ ಹೊರಗೆ ತೆಗೆದು ನೋಡೋಣವೆಂದು ಆ ಕಾರ್ಖಾನೆಗೆ ಆ ಕಾಲದಲ್ಲಿ ಆಡಿದ್ದ ಇಬ್ಬರನ್ನು ಹುಡುಕಿದೆ. ಒಬ್ಬರು ರಾಜಾಜಿನಗರದಲ್ಲಿ, ಇನ್ನೊಬ್ಬರು ಕೆಂಗೇರಿಯಲ್ಲಿ. ಅವರಿಬ್ಬರ ನಡುವೆ ಮಾತುಕತೆ ಇಲ್ಲ. ಒಬ್ಬರು ತಂಡದಲ್ಲಿ ಉಳಿದವರು, ಇನ್ನೊಬ್ಬರು ತಂಡದಿಂದ ಹೊರಬಿದ್ದವರು. ಒಬ್ಬರ ಮನೆಗೆ ಹೋದದ್ದನ್ನು ಇನ್ನೊಬ್ಬರಿಗೆ ಹೇಳದೆ ಇಬ್ಬರನ್ನೂ ಬೇರೆ ಬೇರೆ ಕೇಳಿದೆ. ರಾಜಾಜಿನಗರದವರು ಇನ್ನೂ ಒಂದಷ್ಟು ಹೇಳಿದರು: ಆಟದ ಕೆಲಸ ಕಡಿಮೆಯಾದ ಮೇಲೆ ಆಫೀಸರಿಗೆ ಕ್ಯಾಂಟೀನಿನ ಉಸ್ತುವಾರಿಯನ್ನೂ ಕೊಟ್ಟಿದ್ದರಂತೆ, ಆದರೂ ಆಟ ನೋಡುವ ಹುಚ್ಚು ಬಿಡದೆ ಭಾನುವಾರ ಸ್ಕೂಟರ್ ಹತ್ತುತ್ತಿದ್ದರಂತೆ. ಇದನ್ನು ಕೆಂಗೇರಿಯವರು ಹೇಳಲಿಲ್ಲ, ಆದ್ದರಿಂದ ಇದಕ್ಕೆ ನಾನು ಹೊಣೆಯಲ್ಲ. ಇಬ್ಬರೂ ಒಂದೇ ರೀತಿ, ಕೇಳಿದ ಕೂಡಲೇ ಹೇಳಿದ್ದು ಇಷ್ಟು: ನಮ್ಮ ಸ್ಟಾಫ್ ರೂಮಿನಲ್ಲಿ ಸಭೆ ನಡೆಯುವುದಕ್ಕೆ ಮುಂಚಿನ ಬೇಸಿಗೆಯಲ್ಲೇ ಆ ಕಾರ್ಖಾನೆ ಖರ್ಚು ಉಳಿಸಲು ತನ್ನ ಎರಡು ಘಟಕಗಳ ಬಾಲ್ ಬ್ಯಾಡ್ಮಿಂಟನ್ ತಂಡಗಳನ್ನು ಕೂಡಿಸಿ ಒಂದು ಮಾಡಿತ್ತು. ಹೆಚ್ಚಾದವರನ್ನು ಆಟದಿಂದ ಬಿಡಿಸಿತ್ತು. ಆ ವರ್ಷವಾಗಲಿ ಮರುವರ್ಷವಾಗಲಿ ಆಟದ ಮೇಲೆ ಅಲ್ಲಿ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ.